ಎಮ್ಮೆಗಳಿಗಿಲ್ಲದ ನೇಮ

ನನ್ನ ಮಗಳು ಉದ್ದವ್ವನನ್ನು ತೊಟ್ಟಿಲಿಗೆ ಹಾಕಿ ಕಿವಿಯಲ್ಲಿ ಹೆಸರು ಹೇಳಿದವಳು ಅವಳ ಸೋದರತ್ತೆ ಸತ್ತೆವ್ವ. ಹೆಸರಿಟ್ಟ ಕೈಯಿಂದಲೇ ಕೂಸಿನ ಕಾಲಿಗೆ ಬೆಳ್ಳಿಯ ಕಡಗ ತೊಡಿಸಿ, "ಇದು ನಮ್ಮ ಶಿದ್ರಾಮನ ಹೇಣ್ತಿ. ಇವತ್ತ ಹೇಳಿಬಿಟ್ಟೇನಿ, ಮತ್ತ ಯಾರೂ ಬಾಯಿ ಹಾಕಬ್ಯಾಡ್ರಿ" ಎಂದು ಓಣಿಯ ಹೆಂಗಸರೆದುರು ಸಾರಿದಳು. ನಾನು ಬಾಣಂತಿ, ಹೊರಸಿನ ಮೇಲೆ ಮಲಗಿದ್ದೆ. ನನ್ನನ್ನು ಯಾರೂ ಕೇಳಲಿಲ್ಲ.

ಮರುವರ್ಷ ತನ್ನ ಗಂಡ ತೀರಿಕೊಂಡ ಮೇಲೆ ಸತ್ತೆವ್ವ ಮಗ ಶಿದ್ರಾಮನನ್ನು ಕರೆದುಕೊಂಡು ಕುಲಗೋಡದ ನಮ್ಮ ಮನೆಗೇ ಬಂದಳು. ನಮ್ಮ ಮನೆಯವರು ಅವಳ ತಮ್ಮ. ಗೋಕಾಕ ಫಾಲ್ಸಿನ ನೂಲಿನ ಗಿರಣಿಯಲ್ಲಿ ದುಡಿಯುತ್ತಾರೆ, ಹದಿನೈದು ದಿನಕ್ಕೊಮ್ಮೆ ಊರಿಗೆ ಬರುತ್ತಾರೆ. ಉಳಿದ ಹದಿನಾಲ್ಕು ದಿನ ಮನೆ ಅವಳದೇ.

ಉದ್ದವ್ವ ಮೂರು ವರ್ಷದವಳಿದ್ದಾಗ ಒಮ್ಮೆ ಅಂಗಳದಲ್ಲಿ ಶಿದ್ರಾಮನನ್ನು ಹೆಸರು ಹಿಡಿದು ಕೂಗಿದ್ದಳು. ಸತ್ತೆವ್ವ ಅವಳ ತುಟಿಗೆ ಖಾರಪುಡಿ ಹಚ್ಚಿದಳು.

"ಗಂಡನ ಹೆಸರ ಬಾಯಾಗ ತಂದ್ರ ಅವನ ಆಯುಷ್ಯ ಹರೀತೈತಿ. ನಾ ಒಮ್ಮಿ ತಪ್ಪಿ ಅಂದಿದ್ದೆ, ನೋಡ ನನ್ನ ಹಣಿ."

ಅಂದಿನಿಂದ ಶಿದ್ರಾಮನನ್ನು ಊಟಕ್ಕೆ ಕರೆಯಬೇಕಾದರೆ ನನ್ನ ಮಗಳು ತಂಬಿಗೆಯಿಂದ ಗಂಗಾಳ ಬಡಿಯುತ್ತಿದ್ದಳು. ಅವನೂ ಆ ಸಪ್ಪಳಕ್ಕೆ ಎದ್ದು ಬರುವುದನ್ನು ರೂಢಿ ಮಾಡಿಕೊಂಡಿದ್ದ. ನಾನು ಅವಳಿಗೆ ಬುದ್ಧಿ ಹೇಳುವ ಹಾಗೂ ಇರಲಿಲ್ಲ. ಮದುವೆಯ ದಿನ ಒಡಪಿನ ಪದ್ಯದಲ್ಲಿ ಸೇರಿಸಿ ಹೇಳಿದ ಮೇಲೆ ಹನ್ನೆರಡು ವರ್ಷ ನಮ್ಮ ಮನೆಯವರ ಹೆಸರನ್ನು ನಾನೂ ಎತ್ತಿರಲಿಲ್ಲ.

೧೯೩೮ರ ದೀಪಾವಳಿಯ ನಂತರ ಸಾಲೆಗೆ ಹೊಸ ಪರೀಕ್ಷೆಯ ಸುದ್ದಿ ಬಂತು. ಪಾಠದ ಪರೀಕ್ಷೆಯಲ್ಲ, ಬುದ್ಧಿಯ ಪರೀಕ್ಷೆ. ಇನ್ಸ್‌ಪೆಕ್ಟರ್ ಸಾಹೇಬರೇ ಬಂದು ನಾಲ್ಕನೆಯ ಇಯತ್ತೆಯ ಮಕ್ಕಳಿಗೆ ಹತ್ತು ಪ್ರಶ್ನೆ ಕೇಳುತ್ತಾರೆ. ಎಂಟಕ್ಕೆ ಸರಿಯಾಗಿ ಉತ್ತರ ಹೇಳಿದ ಹುಡುಗಿಗೆ ಬೆಳಗಾವಿಯ ವಸತಿಶಾಲೆಯಲ್ಲಿ ಊಟ, ಅರಿವೆ, ಪುಸ್ತಕ ಎಲ್ಲ ಪುಕ್ಕಟೆ, ಏಳು ವರ್ಷ. ಸುದ್ದಿ ಕೇಳಿ ನಾನು ಶೆಟ್ಟೆಪ್ಪ ಮಾಸ್ತರರ ಬಾಗಿಲಿಗೆ ಹೋದೆ.

"ಉದ್ದವ್ವನ ಹೆಸರ ಹಚ್ಚಕೊಳ್ರಿ" ಎಂದೆ.

ಮಾಸ್ತರರು ಎಲೆಗೆ ಸುಣ್ಣ ಹಚ್ಚುತ್ತಲೇ ನಕ್ಕರು. "ನಿಮ್ಮ ಮಗಳಿಗೆ ಬಾಯಿ ಎಲ್ಲೈತಿ ಬಾಯಾರ? ಸಾಲ್ಯಾಗ ಹಾಜರಿ ಕೂಗಿದ್ರೂ ಬರೇ ಕೈ ಎತ್ತತಾಳ. ಮನ್ಯಾಗ ನಾಲ್ಕ ಭಕ್ರಿ ಬಡ್ಯಾಕ ಕಲಸ್ರಿ."

"ಹೆಸರ ಹಚ್ಚಕೊಳ್ರಿ" ಎಂದು ಮತ್ತೆ ಹೇಳಿದೆ. ಹಚ್ಚಿಕೊಂಡರು. ಆದರೆ ನಮ್ಮ ಮನೆಯಿಂದ ದಿನವೂ ಅವರಿಗೆ ಒಂದು ತಂಬಿಗೆ ಮಜ್ಜಿಗೆ ಹೋಗುತ್ತಿತ್ತು, ಒಯ್ಯುವವಳು ಸತ್ತೆವ್ವ. ನಾನು ಮನೆ ಮುಟ್ಟುವಷ್ಟರಲ್ಲಿ ಅವಳಿಗೆ ಎಲ್ಲ ತಿಳಿದಿತ್ತು.

"ಬರೂ ವೈಶಾಖದಾಗ ಅಕ್ಕಿಕಾಳ ಬೀಳಬೇಕಾದ ಹುಡಿಗಿಗಿ ಬೆಳಗಾವಿ ತೋರಸ್ತಿ?"

"ಹತ್ತ ವರ್ಷದ ಕೂಸ್ರಿ ಅಕ್ಕಾರ. ಸರಕಾರದ ಕಾಯಿದೆ ಐತಿ."

"ಕಾಯಿದೆ ಬೆಳಗಾವ್ಯಾಗ ಐತಿ. ಕುಲಗೋಡಕ ಬರಾಕ ಅದಕ್ಕಿನ್ನೂ ಮೋಟಾರ ಸಿಕ್ಕಿಲ್ಲ."

ಮುಂದಿನ ಆದಿತ್ಯವಾರ ನಮ್ಮ ಮನೆಯವರು ಬಂದರು. ಅಕ್ಕನ ಮಾತನ್ನೂ ಕೇಳಿದರು, ನನ್ನದನ್ನೂ ಕೇಳಿದರು. ಕೊನೆಗೆ ತಲೆಯ ಪಟಗ ಬಿಚ್ಚಿ ಗೂಟಕ್ಕೆ ಹಾಕುತ್ತ, "ಪರೀಕ್ಷಾದಾಗ ಆರಿಸಿ ಬಂದ್ರ ಬೆಳಗಾವಿ. ಇಲ್ಲಂದ್ರ ಅಕ್ಕ ಹೇಳಿದ್ದು. ಇನ್ನ ಈ ಮಾತ ನನ್ನ ಮುಂದ ಬ್ಯಾಡ" ಎಂದರು.

ನಾನು ಹುಕ್ಕೇರಿಯವಳು. ತವರಿನಲ್ಲಿ ನಾಲ್ಕನೆಯ ಇಯತ್ತೆಯವರೆಗೆ ಓದಿದ್ದೆ. ಅಲ್ಲಿರುವ ತಮ್ಮ ಹಣಮಂತನಿಗೆ ಕಾಗದ ಹಾಕಿದೆ. ಅವನು ಹಿಂದಿನ ವರ್ಷ ಅಲ್ಲಿಯ ಮಕ್ಕಳಿಗೆ ಕೇಳಿದ್ದ ಪ್ರಶ್ನೆಗಳನ್ನು ಬರೆದು ಕಳಿಸಿದ. ಎತ್ತು, ಆಡು, ಎಮ್ಮೆ, ಕಾಗೆ. ಇವುಗಳಲ್ಲಿ ಗುಂಪಿಗೆ ಸೇರದ್ದು ಯಾವುದು? ಮೂರು, ಆರು, ಹನ್ನೆರಡು, ಮುಂದೆ ಎಷ್ಟು? ಹಳ್ಳಕ್ಕೆ ನೆರೆ ಬಂದಿದೆ, ಆಚೆಯ ದಡದಲ್ಲಿ ಕರು ಕೂಗುತ್ತಿದೆ, ಏನು ಮಾಡುವಿ? ಇಂಥವು.

ಕಲಿಸಲು ನಮಗೆ ಬೇರೆ ಹೊತ್ತು ಸಿಗುತ್ತಿರಲಿಲ್ಲ. ಕಾಳು ಹಸನು ಮಾಡುವಾಗ ಹೆಸರುಕಾಳು, ತೊಗರಿ, ಮಡಿಕೆಕಾಳು ಬೆರೆಸಿ ಇಟ್ಟು ಸಾಲು ಹಚ್ಚಿಸುತ್ತಿದ್ದೆ. ಎರಡು ಹೆಸರು, ಒಂದು ತೊಗರಿ, ಎರಡು ಹೆಸರು, ಮುಂದೇನು? ಕೌದಿ ಹೊಲಿಯುವಾಗ ತುಂಡುಗಳನ್ನು ತಿರುಗಿಸಿ ಇಟ್ಟು ಯಾವುದು ಎಲ್ಲಿ ಕೂಡುತ್ತದೆಂದು ಕೇಳುತ್ತಿದ್ದೆ. ಒಲೆಯ ಮುಂದೆ ಅವಳಿಗೆ ತಪ್ಪಾದರೂ ಗದರುತ್ತಿರಲಿಲ್ಲ. "ಮತ್ತೊಮ್ಮೆ ನೋಡ, ನನ್ನವ್ವ" ಎನ್ನುತ್ತಿದ್ದೆ. ಅವಳು ತುಟಿ ಒಳಗೆ ಎಳೆದುಕೊಂಡು ನೋಡುತ್ತಿದ್ದಳು, ಸಿಕ್ಕಾಗ ಮೂಗು ಅರಳುತ್ತಿತ್ತು. ಅಷ್ಟರಲ್ಲಿ ಪಡಸಾಲೆಯಿಂದ ಸತ್ತೆವ್ವನ ದನಿ ಬರುತ್ತಿತ್ತು: "ಕಾಳ ಎಣಿಸಿ ಅಡಗಿ ಮಾಡೂ ಮನಿ ಇದೊಂದ ನೋಡ್ರಿ." ಮರುದಿನ ಅವಳು ಬೇಕೆಂದೇ ಸಾಲು ಹಚ್ಚಿದ ಕಾಳನ್ನು ಕಾಲಿನಿಂದ ಚೆಲ್ಲುತ್ತಿದ್ದಳು. ನಾವು ಬಳಿದುಕೊಂಡು ಮತ್ತೆ ಹಚ್ಚುತ್ತಿದ್ದೆವು.

ಹಣಮಂತನ ಕಾಗದದಲ್ಲಿ ಎತ್ತರದ ಪ್ರಶ್ನೆಯೂ ಒಂದಿತ್ತು. ಇಂಥವನು ಇಂಥವನಿಗಿಂತ ಎತ್ತರ, ಅವನು ಇನ್ನೊಬ್ಬನಿಗಿಂತ ಎತ್ತರ, ಎಲ್ಲರಿಗಿಂತ ಎತ್ತರ ಯಾರು? ಆ ಮೂರು ಹೆಸರುಗಳಲ್ಲಿ ಒಂದು ತೀರಿಹೋದ ನನ್ನ ಮಾವನವರದು. ಸೊಸೆಯಾಗಿ ನಾನು ಅದನ್ನು ನಾಲಿಗೆಗೆ ತರುವಂತಿಲ್ಲ. ಹೆಚ್ಚು ಯೋಚಿಸದೆ ನಮ್ಮ ಎಮ್ಮೆಗಳ ಹೆಸರು ಹಾಕಿದೆ. "ಗಂಗಿ ಚಂದ್ರಿಗಿಂತ ಎತ್ತರ, ಚಂದ್ರಿ ಕರೆವ್ವಗಿಂತ ಎತ್ತರ. ಎಲ್ಲಾರಕಿಂತ ಎತ್ತರ ಯಾವಕಿ?" ಉದ್ದವ್ವ ಕಣ್ಣು ಮುಚ್ಚಿ ತೆಗೆಯುವುದರೊಳಗೆ, "ಗಂಗಿ" ಎನ್ನುತ್ತಿದ್ದಳು. ಮೂರಿದ್ದದ್ದನ್ನು ಐದು ಮಾಡಿದೆ, ತಿರುವಿ ಮುರುವಿ ಕೇಳಿದೆ. ಒಮ್ಮೆಯೂ ತಪ್ಪಲಿಲ್ಲ. ಮನುಷ್ಯರ ಹೆಸರು ಹಾಕಿ ಒಂದು ಸಲವಾದರೂ ಕೇಳಿ ನೋಡಬೇಕೆಂದು ನನಗೆ ಹೊಳೆಯಲೇ ಇಲ್ಲ.

ಪರೀಕ್ಷೆಯ ದಿನ ಸಾಹೇಬರು ಗೋಕಾಕದಿಂದ ಮೋಟಾರಿನಲ್ಲಿ ಬಂದರು. ತಾಯಿ ತಂದೆಯರು ಹೊರಗೆ ಕಟ್ಟೆಯ ಮೇಲೆ ನಿಲ್ಲಬಹುದು, ಮಾತಾಡಕೂಡದು ಎಂದರು. ನಾನು ಬಾಗಿಲ ಈ ಬದಿಗೆ ನಿಂತೆ. ಆ ಬದಿಗೆ ಸತ್ತೆವ್ವ ಸೆರಗು ಬಿಗಿದು ನಿಂತಳು.

ಉದ್ದವ್ವನ ಪಾಳಿ ಬಂತು. ಕಾಗೆಯನ್ನು ಬೇರೆ ಮಾಡಿದಳು. ಇಪ್ಪತ್ನಾಲ್ಕು ಎಂದಳು. ನಾಲ್ಕನೆಯದು ಗಡಿಯಾರದ ಮುಳ್ಳುಗಳ ಪ್ರಶ್ನೆ. ನಮ್ಮ ಮನೆಯಲ್ಲಿ ಗಡಿಯಾರವಿಲ್ಲ, ತಪ್ಪಿತು. ಏಳನೆಯದು, ದಾರಿಯಲ್ಲಿ ವಿಳಾಸ ಬರೆದು ಟಿಕೀಟು ಹಚ್ಚಿದ ಲಕೋಟೆ ಬಿದ್ದಿದ್ದರೆ ಏನು ಮಾಡುವಿ?

"ಒಡದ ಓದತೇನ್ರಿ" ಎಂದಳು.

ಸಾಹೇಬರು ಮೀಸೆಯಲ್ಲಿ ನಕ್ಕು ತಪ್ಪು ಹಾಕಿದರು. ಎಲ್ಲವನ್ನೂ ಓದು ಎಂದು ಕಲಿಸಿದವಳು ನಾನೇ. ಎಂಟು, ಒಂಬತ್ತು ಸರಿಯಾದವು. ನಾನು ಬೆರಳು ಮಡಿಸಿದೆ, ಏಳಾಗಿತ್ತು. ಹತ್ತನೆಯದು ಸರಿಯಾದರೆ ಎಂಟು.

ಸಾಹೇಬರು ಕಾಗದ ನೋಡಿ, "ಎತ್ತರದ ಪ್ರಶ್ನಿ" ಎಂದರು. ನನ್ನ ಎದೆ ಹಗುರಾಯಿತು. "ಇದರಾಗಿನ ಹೆಸರು ಮುಂಬೈ ಕಡೀವು, ಈ ಮಕ್ಕಳಿಗಿ ತೊಡಕಾಗತಾವು. ನಿಮ್ಮೂರ ಹುಡುಗರ ಹೆಸರ ಮೂರ ಹೇಳ್ರಿ ಮಾಸ್ತರ."

ಶೆಟ್ಟೆಪ್ಪ ಮಾಸ್ತರರು ಬಾಗಿಲ ಕಡೆ ನೋಡಿದರು. ನನ್ನನ್ನಲ್ಲ, ಸತ್ತೆವ್ವನನ್ನು.

"ಶಿದ್ರಾಮ, ಅಲ್ಲಪ್ಪ, ದುರ್ಗಪ್ಪ ಅನ್ರಿ ಸಾಹೇಬರ."

"ಶಿದ್ರಾಮ ಅಲ್ಲಪ್ಪಗಿಂತ ಎತ್ತರ. ಅಲ್ಲಪ್ಪ ದುರ್ಗಪ್ಪಗಿಂತ ಎತ್ತರ. ಎಲ್ಲಾರಕಿಂತ ಎತ್ತರ ಯಾರು?"

ನನ್ನ ಮಗಳ ಮೂಗು ಅರಳಿತು. ಬಾಯಿ ತೆರೆಯಿತು, ಮುಚ್ಚಿತು.

"ತಿಳೀಲಿಲ್ಲೇನವಾ?"

"ತಿಳದೈತ್ರಿ."

"ಹಂಗಾದ್ರ ಹೇಳು."

ಅವಳು ನೆಲ ನೋಡಿದಳು. ಸಾಹೇಬರು ಗಡಿಯಾರ ಹೊರಗೆ ತೆಗೆದರು. ಮಾಸ್ತರರು ಕೈಕಟ್ಟಿಕೊಂಡು, "ನಾ ಮೊದಲ ಹೇಳಿದ್ನೆಲ್ರಿ, ಮಂದಬುದ್ಧಿ. ಮುಂದಿನವರನ್ನ ಕರೀಲೇನ್ರಿ?" ಎಂದರು.

"ಅಲ್ಲಪ್ಪ ಅಲ್ರಿ" ಎಂದಳು ಉದ್ದವ್ವ. "ದುರ್ಗಪ್ಪನೂ ಅಲ್ರಿ. ಉಳದಾವ."

ಸಾಹೇಬರು ಕಣ್ಣೆತ್ತಿದರು. "ಉಳದಾವ ಯಾರು? ನಾ ಇಲ್ಲಿ ಹೆಸರ ಬರೀಬೇಕು. ಬಾಯಿಲೆ ಹೇಳು. ಇನ್ನ ಅರ್ಧ ನಿಮಿಷ ಐತಿ."

ಅವಳು ತಿರುಗಿ ಬಾಗಿಲ ಕಡೆ ನೋಡಿದಳು. ಸತ್ತೆವ್ವ ಒಂದು ಬೆರಳನ್ನು ತನ್ನ ತುಟಿಗೆ ಉಜ್ಜಿ ತೋರಿಸಿದಳು, ಖಾರಪುಡಿ ಹಚ್ಚುವ ಹಾಗೆ. ಮಗಳು ನನ್ನನ್ನು ನೋಡಿದಳು. ಆ ನೋಟ ನನಗೆ ಗೊತ್ತು. ಸಾಲು ತಪ್ಪಿದಾಗಲೆಲ್ಲ ಅವಳು ಹಾಗೇ ನೋಡುತ್ತಿದ್ದಳು, ನಾನು ಮತ್ತೊಮ್ಮೆ ನೋಡು ಎನ್ನುತ್ತಿದ್ದೆ. ಇಲ್ಲಿ ಮತ್ತೊಮ್ಮೆ ನೋಡುವುದಕ್ಕೆ ಏನೂ ಇರಲಿಲ್ಲ.

ನಾನು ಸೆರಗು ಸರಿಪಡಿಸಿಕೊಂಡು ಹೊಸ್ತಿಲಿಗೆ ಬಂದೆ.

"ಉದ್ದವ್ವಾ," ಎಂದೆ, ಓಣಿಗೆಲ್ಲ ಕೇಳುವಂತೆ. "ನನ್ನ ಗಂಡನ ಹೆಸರು ಗುಡ್ಡಪ್ಪ. ಗುಡ್ಡಪ್ಪ, ಗುಡ್ಡಪ್ಪ!"

ಕಟ್ಟೆಯ ಮೇಲಿದ್ದ ಹೆಂಗಸರು ಬಾಯಿಗೆ ಸೆರಗು ಒತ್ತಿಕೊಂಡರು. ಒಬ್ಬ ಮುದುಕ, "ಶಿವಶಿವಾ" ಎಂದ. ಮಗಳು ಕಣ್ಣು ಮಿಟುಕಿಸದೆ ನನ್ನನ್ನೇ ನೋಡಿದಳು. ಆಮೇಲೆ ಸಾಹೇಬರ ಕಡೆ ತಿರುಗಿದಳು.

"ಶಿದ್ರಾಮ" ಎಂದಳು.

ಮಾಸ್ತರರು ಮುಂದೆ ನುಗ್ಗಿದರು. "ಇದು ನಡಿಯೂದಿಲ್ರಿ ಸಾಹೇಬರ! ಹೊರಗಿನವರು ಮಾತಾಡ್ಯಾರ."

ಸಾಹೇಬರು ಲೇಖನಿ ಎತ್ತಿ ಹಿಡಿದು ಕೇಳಿದರು: "ಆ ಬಾಯಾರು ಉತ್ತರ ಹೇಳಿದರೇನು?"

ಮಾಸ್ತರರು ತಡವರಿಸಿದರು. "ಇಲ್ರಿ... ಗಂಡನ ಹೆಸರ ಹೇಳಿದಳ್ರಿ."

"ಅದನ್ನ ನಾ ಕೇಳಿದ್ದಿಲ್ಲಲ್ಲ" ಎಂದು ಸಾಹೇಬರು ಎಂಟು ಎಂದು ಬರೆದರು.

ಸತ್ತೆವ್ವ ಮನೆಯವರೆಗೂ ನಮ್ಮ ಬೆನ್ನ ಹಿಂದೆ ಬೈಯುತ್ತ ಬಂದಳು. "ಮೂರೂ ಬಿಟ್ಟಾಕಿ! ಹಾಲುಂಡ ಮನಿಗಿ ಹಾವಾದಿ. ನನ್ನ ತಮ್ಮಗ ಏನಾರ ಆತಂದ್ರ ನಿನ್ನ ಕೂದಲ ಹಿಡದ ಗಟಪ್ರಭಾದಾಗ ಮುಳಗಸ್ತೇನಿ. ಮಗಳನ್ನೂ ನಿನ್ನಂಗ ಮಾಡಿದಿ. ಇಂಥಾ ಸೊಸಿ ನನಗ ಬ್ಯಾಡ, ಬ್ಯಾಡ!"

ನಾನು ಉದ್ದವ್ವನನ್ನು ಕಟ್ಟೆಯ ಮೇಲೆ ಕೂಡ್ರಿಸಿದೆ. ಮೂರು ಸಲ ಬಡಿದು ದೊಡ್ಡದು ಮಾಡಿಸಿದ್ದ ಆ ಕಡಗಗಳನ್ನು ಎಣ್ಣೆ ಹಚ್ಚಿ ಬಿಡಿಸಿ ಸತ್ತೆವ್ವನ ಮುಂದಿಟ್ಟೆ. "ಬ್ಯಾಡಂದ್ರಿ. ತಗೊಳ್ರಿ ಅಕ್ಕಾರ."

ಅಂದಿನಿಂದ ಮನೆಯಲ್ಲಿ ಎರಡು ಒಲೆ. ಸತ್ತೆವ್ವ ನನ್ನ ಕೈಯ ನೀರು ಮುಟ್ಟಲಿಲ್ಲ. ಬಾವಿಯ ಹತ್ತಿರ ಹೆಂಗಸರು ನನಗೆ ದಾರಿ ಬಿಟ್ಟು ನಿಲ್ಲತೊಡಗಿದರು, ಮೈಲಿಗೆಯಾದವಳಿಗೆ ಬಿಟ್ಟಂತೆ. ನಮ್ಮ ಮನೆಯವರು ಊರಿಗೆ ಬಂದಾಗ ಅವರಿಗೆ ನೆಗಡಿ ಕೆಮ್ಮು. ಗಿರಣಿಯ ಅರಳೆಯ ಧೂಳಿಗೆ ಪ್ರತಿ ಚಳಿಗಾಲವೂ ಬರುತ್ತದೆ. "ನೋಡಿದೇನ, ನೋಡಿದೇನ" ಎಂದು ಸತ್ತೆವ್ವ ಎದೆ ಬಡಿದುಕೊಂಡಳು. ಅವರು ಆ ದಿನ ತಟ್ಟೆಯನ್ನು ಅಕ್ಕನ ಒಲೆಯ ಮುಂದೆ ಇಟ್ಟುಕೊಂಡು ಉಂಡರು.

ಹದಿನೈದು ದಿನದ ಮೇಲೆ ಅವರು ಮತ್ತೆ ಬರುವ ಹೊತ್ತಿಗೆ ಬೆಳಗಾವಿಯಿಂದ ಅರ್ಜಿಯ ಕಾಗದ ಬಂದಿತ್ತು. ಮನೆಯಲ್ಲಿ ಅಕ್ಷರ ಬಲ್ಲ ದೊಡ್ಡವಳು ನಾನೊಬ್ಬಳೇ. ಭಕ್ರಿಯ ಹಿಟ್ಟಿನ ಕೈ ತೊಳೆದು ಬರೆಯಲು ಕುಳಿತೆ. ಅವರು ಕಂಬಕ್ಕೆ ಒರಗಿ ಕೆಮ್ಮುತ್ತಿದ್ದರು. ಹುಡುಗಿಯ ಹೆಸರು ಬರೆದೆ, ಊರು ಬರೆದೆ. ಅದರ ಕೆಳಗಿನ ಸಾಲನ್ನೂ ಬರೆದೆ.

"ಏನ ಬರದಿ ಅಲ್ಲಿ?" ಎಂದರು. ಒಂದು ತಿಂಗಳಲ್ಲಿ ನನ್ನೊಂದಿಗೆ ಆಡಿದ ಮೊದಲ ಮಾತು.

"ತಂದಿ ಹೆಸರ ಕೇಳ್ಯಾರ. ಬರದೇನಿ."

"ಓದು."

ಒಳಗಿನಿಂದ ಸತ್ತೆವ್ವ, "ಓದಿಗೀದೀ, ನಾಲಿಗಿ ಸೀಳತೇನಿ" ಎಂದಳು. ನಾನು ಓದಿದೆ, ಕಾಗದದಲ್ಲಿದ್ದಂತೆ ಅಕ್ಷರ ಬಿಡದೆ. ಅವರು ಕೆಮ್ಮಿ ಮುಗಿಸಿದರು.

"ಸಾಲ್ಯಾಗ ಮೂರ ಸಲ ಒದರಿದೆಂತ. ಆಗ ಸತ್ತಿಲ್ಲ" ಎಂದರು. ಮೋರೆಯ ಮೇಲೆ ನಗುವಿರಲಿಲ್ಲ, ಸಿಟ್ಟು ಹಾಗೇ ಇತ್ತು. "ನಾ ಆಡಿದ ಮಾತ ಆಡಿದ್ದು. ಎಲ್ಲಿ ಒತ್ತಬೇಕು?"

ಕಾಡಿಗೆಯನ್ನು ಎಣ್ಣೆಯಲ್ಲಿ ಕಲಸಿ ಅವರ ಹೆಬ್ಬೆರಳಿಗೆ ಹಚ್ಚಿದೆ. ಒತ್ತಿದರು, ಎದ್ದು ಅಕ್ಕನ ಒಲೆಯ ಕಡೆ ಹೋದರು. ಉದ್ದವ್ವ ನನ್ನ ಪಕ್ಕದಲ್ಲಿ ಕುಳಿತು ಆ ಸಾಲನ್ನು ಬೆರಳಿನಿಂದ ತೋರಿಸುತ್ತ ತಾನೂ ಒಮ್ಮೆ ಓದಿದಳು. ನಂತರ ಊಟದ ಹೊತ್ತಾಗಿದೆಯೆಂದು ಅಂಗಳಕ್ಕೆ ಹೋಗಿ, ಗಂಗಾಳ ಬಡಿಯದೆ, "ಶಿದ್ರಾಮಾ, ಉಣ್ಣಾಕ ಬಾ" ಎಂದು ಕೂಗಿದಳು.