ಗುಜರಿಗೆ ಬಾರದ ಟ್ರ್ಯಾಕ್ಟರು

ಕಾಪುವಿನ ಜಮಾಲುದ್ದೀನ್ ಸಾಹೇಬರು ನಡೆಯುವಾಗ ಎದುರಿಗೆ ಬರುವವರ ಮುಖ ನೋಡುವವರಲ್ಲ, ನೆಲ ನೋಡುತ್ತಾರೆ. ಎಪ್ಪತ್ತಮೂರು ವರ್ಷದ, ಸೊಂಟದಿಂದ ಮೇಲಕ್ಕೆ ತುಸು ಎಡಕ್ಕೆ ವಾಲಿದ ಆ ನೀಳಕಾಯವು ಹೆದ್ದಾರಿಯ ಅಂಚಿನಲ್ಲಿ ಹೆಜ್ಜೆ ಅಳೆದಳೆದು ಬರುತ್ತಿದ್ದರೆ, ಗೊತ್ತಿಲ್ಲದವರು ಯಾರೋ ವಿರಕ್ತರು ಆತ್ಮಚಿಂತನೆಯಲ್ಲಿ ಮಗ್ನರಾಗಿದ್ದಾರೆಂದು ದಾರಿ ಬಿಟ್ಟುಕೊಡುತ್ತಾರೆ. ಆತ್ಮವೂ ಇಲ್ಲ, ಚಿಂತನೆಯೂ ಇಲ್ಲ. ಲಾರಿಗಳಿಂದ ಕಳಚಿ ಬಿದ್ದ ನಟ್ಟು ಬೋಲ್ಟುಗಳನ್ನು ಅವರು ಹುಡುಕುತ್ತಿರುತ್ತಾರೆ. ಸಿಕ್ಕಿದೊಡನೆ ಬಗ್ಗಿ ಎತ್ತಿ, ಕೋಟಿನ ತುದಿಯಲ್ಲಿ ಒರೆಸಿ, ಇದು ಯಾವ ಗಾಡಿಯ ಯಾವ ಅಂಗದಿಂದ ಬಿದ್ದದ್ದು, ಆ ಗಾಡಿ ಇನ್ನೆಷ್ಟು ದೂರ ಹೋದೀತು ಎಂದು ಒಂದು ಕ್ಷಣ ಲೆಕ್ಕ ಹಾಕಿ ಜೇಬಿಗೆ ಇಳಿಸುತ್ತಾರೆ.

ಆ ಕೋಟಿನ ಬಗ್ಗೆ ಹೇಳದಿದ್ದರೆ ಅವರ ಬಗ್ಗೆ ಹೇಳಿದಂತಾಗದು. ಖಾಕಿ ಬಣ್ಣದ್ದು, ಯಾವ ಕಾಲದಲ್ಲಿ ಖಾಕಿಯಾಗಿತ್ತೋ ಅವರಿಗೇ ನೆನಪಿಲ್ಲ. ಎಡಜೇಬಿನಲ್ಲಿ ದಾರ ಕಟ್ಟಿದ ಒಂದು ಅಯಸ್ಕಾಂತ. ಮೂರನೆಯ ಗುಂಡಿಯ ಕೆಳಗೆ ಅಂಗೈಯಗಲದ, ಹೊಳೆಯುವ ಕಪ್ಪು ಕಲೆ. ಯಾವ ಯಂತ್ರ ಕಂಡರೂ ಎಣ್ಣೆಯ ಮುಚ್ಚಳ ಬಿಚ್ಚಿ, ಬೆರಳು ಅದ್ದಿ, ಉಜ್ಜಿ, ಮೂಸಿ, ಆ ಬೆರಳನ್ನು ಅದೇ ಜಾಗಕ್ಕೆ ಒರೆಸಿದ ನಲವತ್ತು ವರ್ಷಗಳ ಸಂಚಯ ಅದು. ಒಮ್ಮೆ ಮಣಿಪಾಲದ ದೊಡ್ಡ ಸಭಾಂಗಣವೊಂದರಲ್ಲಿ ಮದುವೆಯೂಟಕ್ಕೆ ಕುಳಿತವರು ಬಡಿಸುವ ಮೊದಲೇ ಬಟ್ಟಲಿನ ಅಡಿಗೆ ಅಯಸ್ಕಾಂತ ಹಿಡಿದು ನೋಡಿ, ಹುಡುಗಿಯ ತಂದೆಯನ್ನು ಹತ್ತಿರ ಕರೆದು, "ಒಳ್ಳೆಯ ಸ್ಟೀಲು, ಹಿಡಿಯುವುದಿಲ್ಲ" ಎಂದು ಮನಸಾರೆ ಮೆಚ್ಚಿದರಂತೆ. ಆ ಮನುಷ್ಯನಿಗೆ ಬಿರಿಯಾನಿಯ ಹೊಗಳಿಕೆ ಬೇಕಿತ್ತು, ಪಾಪ.

ಮಾತಿನಲ್ಲಿಯೂ ಒಂದು ಚಾಳಿ ಉಂಟು. ಮಾತಿನ ತಿರುಳು ಬಂದ ಜಾಗದಲ್ಲಿಯೇ "ಅದು ಬೇರೆ ವಿಷಯ" ಎಂದು ಕೈ ಬೀಸಿಬಿಡುತ್ತಾರೆ. ಮೊದಮೊದಲು ನಾನು ಅದನ್ನು ನಂಬಿ ಬೇರೆ ವಿಷಯವೆಂದೇ ಬಿಟ್ಟುಬಿಡುತ್ತಿದ್ದೆ. ಆಮೇಲೆ ತಿಳಿಯಿತು, ಬೇರೆ ವಿಷಯವೆಂದು ಅವರು ತಳ್ಳಿದ್ದನ್ನೇ ಹಿಡಿದುಕೊಳ್ಳಬೇಕು, ಉಳಿದದ್ದನ್ನು ಬಿಟ್ಟರೂ ನಷ್ಟವಿಲ್ಲ.

ಅವರದು ಹೆದ್ದಾರಿ ಬದಿಯಲ್ಲಿ ಗುಜರಿ ವ್ಯಾಪಾರ. ಕೆಲಸಕ್ಕೆ ಬಾರದ ಟ್ರ್ಯಾಕ್ಟರು, ಟಿಲ್ಲರು, ದೋಣಿಯ ಎಂಜಿನುಗಳು ಸುತ್ತಲ ಊರುಗಳಿಂದ ಕೊನೆಗೆ ಅಲ್ಲಿಗೇ ಬರುತ್ತವೆ. ಹೀಗೆ ನಮ್ಮ ಕಡೆಯ ರೈತರಲ್ಲಿ ಒಂದು ವಿಚಿತ್ರ ಪದ್ಧತಿ ಬೆಳೆದುಬಿಟ್ಟಿತ್ತು. ಹೊಸ ಟ್ರ್ಯಾಕ್ಟರು ಕೊಳ್ಳಬೇಕೆಂದವರು ಶೋರೂಮಿಗೆ ಕಾಲಿಡುವ ಮೊದಲು ಈ ಗುಜರಿಗೆ ಬರುವುದು. ಯಾವ ಕಂಪೆನಿಯದ್ದು ಎಷ್ಟನೆಯ ವರ್ಷಕ್ಕೆ, ಯಾವ ಕಾಯಿಲೆಯಿಂದ ಇಲ್ಲಿಗೆ ಬಂತು ಎಂದು ಸಾಹೇಬರನ್ನು ಕೇಳಿ ನಿರ್ಧರಿಸುವುದು. ಹೊಗಳುವುದಕ್ಕೆ ನೂರು ಜನ ಇರುತ್ತಾರೆ. ಯಂತ್ರದ ಕೊನೆಗಾಲ ಕಂಡವರು ಅವರೊಬ್ಬರೇ ಇದ್ದರು.

ಆದರೆ ಕಳೆದ ಬೇಸಿಗೆಯಲ್ಲಿ ನನ್ನ ಅಕ್ಕ ಮೋಹಿನಿಯನ್ನು ಕರೆದುಕೊಂಡು ನಾನು ಹೋದಾಗ ಸಾಹೇಬರು ಸಲಹೆ ಕೊಡುವುದನ್ನು ಬಿಟ್ಟು ಆರು ವರ್ಷವಾಗಿತ್ತು.

ಅಕ್ಕನ ಸಂಗತಿ ಇಷ್ಟು. ಕುಕ್ಕುಂದೂರಿನಲ್ಲಿ ಅವಳದು ಮೂರು ಎಕರೆ ಬೈಲು ಗದ್ದೆ, ಹದಿನಾಲ್ಕು ತುಂಡು, ನಡುವೆ ಕೈಯಗಲದ ಅಂಚುಗಳು. ಭಾವ ಸರ್ವೋತ್ತಮರು ಇನ್ನು ಟಿಲ್ಲರಿನ ಹಿಂದೆ ನಡೆಯಕೂಡದೆಂದು ಮಣಿಪಾಲದ ಡಾಕ್ಟರು ಅವರ ಬೆನ್ನೆಲುಬಿನ ಚಿತ್ರ ತೋರಿಸಿ ಹೇಳಿದ್ದರು. ಬಾಡಿಗೆಯ ಟ್ರ್ಯಾಕ್ಟರು ಕಳೆದ ವರ್ಷ ಬಂದದ್ದು ನೇಜಿಗೆ, ಅಂದರೆ ನಾಟಿಯ ಸಸಿಗೆ, ನಲವತ್ತು ದಿನ ತುಂಬಿದ ಮೇಲೆ. ಬಲಿತ ಸಸಿ ನೆಟ್ಟು ಕೊಯ್ದದ್ದು ಅರ್ಧಕ್ಕರ್ಧ ಜೊಳ್ಳು. ಇನ್ನೊಂದು ವರ್ಷ ಹೀಗಾದರೆ ಗದ್ದೆಯನ್ನು ಹಡಿಲು ಬಿಡುವುದೆಂದು ಭಾವ ಹೇಳಿಬಿಟ್ಟಿದ್ದರು. ಒಮ್ಮೆ ಪಾಳು ಬಿದ್ದ ಗದ್ದೆ ಮತ್ತೆ ಗದ್ದೆಯಾದದ್ದನ್ನು ನಮ್ಮ ಬೈಲಿನಲ್ಲಿ ಯಾರೂ ಕಂಡಿಲ್ಲ. ಆದ್ದರಿಂದ ಅಕ್ಕನಿಗೆ ಬೇಕಿದ್ದದ್ದು ಕಿರಿದಾದ ಅಂಚುಗಳನ್ನು ಮುರಿಯದೆ ದಾಟಿ, ಕೆಸರಿನಲ್ಲಿ ಹೂತುಹೋಗದೆ, ವರ್ಷಾನುವರ್ಷ ಹೇಳಿದ ದಿನಕ್ಕೆ ಎದ್ದು ನಿಲ್ಲುವ ಒಂದು ಪುಟ್ಟ ಟ್ರ್ಯಾಕ್ಟರು. ಆರಿಸುವ ಅವಕಾಶ ಒಂದೇ ಸಲ. ತಪ್ಪಿದರೆ ಗದ್ದೆ ಹೋಯಿತು.

"ಇಲ್ಲ ಅಕ್ಕ," ಎಂದರು ಸಾಹೇಬರು, ನಮಗೆ ಕುರ್ಚಿ ಎಳೆದು ಹಾಕುತ್ತಾ. "ನನಗೆ ಸತ್ತದ್ದರ ವಿಷಯ ಮಾತ್ರ ಗೊತ್ತು. ಶಿರ್ವದ ದೇವದಾಸರನ್ನು ಕೇಳಿ, ಹೇಳಿಯಾರು."

ದೇವದಾಸರ ಕಥೆ ಎಲ್ಲರಿಗೂ ಗೊತ್ತಿದ್ದದ್ದೇ. ಎಂಟು ವರ್ಷದ ಹಿಂದೆ ಅವರಿಗೆ ಸಾಹೇಬರು ಒಂದು ಕಂಪೆನಿಯ ಟ್ರ್ಯಾಕ್ಟರನ್ನು ಕಣ್ಣುಮುಚ್ಚಿ ಹೇಳಿದ್ದರು. ಕಾರಣ, ಅಷ್ಟು ವರ್ಷದಲ್ಲಿ ಆ ಹೆಸರಿನ ಒಂದೇ ಒಂದು ಯಂತ್ರವೂ ಅವರ ಗುಜರಿಗೆ ಬಂದಿರಲಿಲ್ಲ. ಸಾವೇ ಇಲ್ಲದ ಮನೆಯೆಂದು ಅವರು ತಿಳಿದರು. ನಿಜವೇನೆಂದರೆ ಆ ಕಂಪೆನಿ ನಮ್ಮ ಕಡೆ ಮಾರಿದ್ದೇ ಬೆರಳೆಣಿಕೆಯಷ್ಟು, ಅವು ಇನ್ನೂ ಸಾಯುವ ವಯಸ್ಸಿಗೆ ಬಂದಿರಲಿಲ್ಲ. ಮರುವರ್ಷವೇ ಕಂಪೆನಿ ಇಲ್ಲಿಯ ಅಂಗಡಿ ಮುಚ್ಚಿ ಎದ್ದುಹೋಯಿತು. ಅದರ ಮುಂದಿನ ಮಳೆಗಾಲ, ಮುಂಚಕ್ರದ ಅಚ್ಚಿಗೆ ಕೆಸರು ಹೋಗದಂತೆ ತಡೆಯುವ ಬಳೆಯಷ್ಟಗಲದ ರಬ್ಬರಿನ ಸೀಲೊಂದು ಹರಿದು, ಅದು ಎಲ್ಲಿಯೂ ಸಿಗದೆ, ನಾಟಿಯ ದಿನಗಳಲ್ಲಿ ದೇವದಾಸರ ಟ್ರ್ಯಾಕ್ಟರು ಅಂಗಳದಲ್ಲಿ ನಿಂತಿತು. ಸಾಹೇಬರು ಬಸ್ಸು ಹತ್ತಿ ಹಾಸನದವರೆಗಿನ ಗುಜರಿಗಳನ್ನೆಲ್ಲ ಜಾಲಾಡಿ ಹದಿನೇಳನೆಯ ದಿನ ಸೀಲು ತಂದರು. ಆ ಹೊತ್ತಿಗೆ ಬೆಳೆಯ ಕಾಲ ಮೀರಿತ್ತು. ದೇವದಾಸರು ಒಂದು ಕೆಟ್ಟ ಮಾತೂ ಆಡಲಿಲ್ಲ, ಚಹಾ ಕೊಟ್ಟು ಕಳಿಸಿದರು. ಬೈದಿದ್ದರೆ ಸಾಹೇಬರು ಬಹುಶಃ ಚೇತರಿಸಿಕೊಳ್ಳುತ್ತಿದ್ದರು.

"ಶೋರೂಮಿನವರು ಈವರೆಗೆ ಒಮ್ಮೆಯೂ ತಪ್ಪಿಲ್ಲವಂತೆ ಸಾಹೇಬ್ರೇ," ಎಂದಳು ಅಕ್ಕ. ಅವಳು ಕುರ್ಚಿಯಲ್ಲಿ ಕುಳಿತೇ ಇರಲಿಲ್ಲ. "ನನಗೆ ತಪ್ಪಿದ್ದು ನೆನಪಿರುವವರು ಬೇಕು. ನಾಳೆ ಬೆಳಿಗ್ಗೆ ನನ್ನ ತಮ್ಮ ಕಾರು ತರುತ್ತಾನೆ, ನೀವು ಬರುತ್ತೀರಿ."

ಸಾಹೇಬರು ಬಹಳ ಹೊತ್ತು ಅಯಸ್ಕಾಂತದ ದಾರವನ್ನು ಬೆರಳಿಗೆ ಸುತ್ತಿ ಬಿಚ್ಚಿದರು. ಆಮೇಲೆ ಎದ್ದು, "ಬನ್ನಿ, ಮೊದಲು ಸತ್ತವನ್ನು ನೋಡುವ" ಎಂದರು. ನನಗೆ ಒಳಗೊಳಗೇ ಕುಣಿಯುವಷ್ಟು ಸಂತೋಷವಾಯಿತು, ಸುಳ್ಳು ಹೇಳುವುದಿಲ್ಲ.

ಆ ಗುಜರಿಯ ಒಳಗೆ ಅವರ ಹಿಂದೆ ನಡೆದ ಒಂದು ಗಂಟೆ ನನ್ನ ಜೀವನದ ದೊಡ್ಡ ಪಾಠಗಳಲ್ಲಿ ಒಂದು. ಮಣಿಪಾಲದ ಕಾಲೇಜೊಂದರ ಗ್ರಂಥಾಲಯದಲ್ಲಿ ಇಪ್ಪತ್ತಾರು ವರ್ಷ ಪುಸ್ತಕ ಜೋಡಿಸಿದವನು ಹೇಳುತ್ತಿದ್ದೇನೆ. ಸಾಹೇಬರು ಒಂದೊಂದನ್ನೇ ತೋರಿಸುತ್ತಾ ಹೋದರು: ಇದು ಹತ್ತೊಂಬತ್ತನೆಯ ವರ್ಷಕ್ಕೆ ಗೇರ್ ಬಾಕ್ಸಿನಿಂದ ಹೋದದ್ದು, ಮರ್ಯಾದೆಯ ಸಾವು. ಇದು ಹೂಡೆಯದ್ದು, ಉಪ್ಪುನೀರಿನ ಗದ್ದೆಯಲ್ಲಿ ದುಡಿದು ತೊಳೆಯದೆ ಬಿಟ್ಟದ್ದಕ್ಕೆ ಹನ್ನೊಂದಕ್ಕೇ ತುಕ್ಕು ತಿಂದಿತು. ತಪ್ಪು ಯಂತ್ರದ್ದಲ್ಲ, ಯಜಮಾನನದ್ದು. ಇದಕ್ಕೆ ಬಣ್ಣ ಮೂರು ಪದರ, ಕಬ್ಬಿಣ ಕಾಗದ. ಪ್ರತಿಯೊಂದರ ಮೈಮೇಲೂ ಅಂಗೈ ಇಟ್ಟೇ ಅವರು ಮಾತಾಡುತ್ತಿದ್ದರು. ಕೊನೆಯಲ್ಲಿ ಮೂಲೆಗೆ ಬೆರಳು ತೋರಿಸಿ, "ಸುಮೇರು ಕಂಪೆನಿಯದ್ದು ನನ್ನಲ್ಲಿಗೆ ಬಂದದ್ದು ಮೂರೇ" ಎಂದರು. ಅಕ್ಕನ ಕಣ್ಣು ಅರಳಿತು. "ಹಾಗಾದರೆ ಅದನ್ನೇ..." ಎನ್ನುವಷ್ಟರಲ್ಲಿ ಸಾಹೇಬರು ಕೈ ಬೀಸಿದರು. "ಬಾರದ್ದು ಬಾಳಿಕೆಯಿಂದಲಾ, ಮಾರದೆ ಇದ್ದದ್ದರಿಂದಲಾ, ಅದು ಬೇರೆ ವಿಷಯ."

ಮರುದಿನ ಉಡುಪಿಗೆ ಹೋದೆವು. ನನ್ನ ಒಲವು 'ವಜ್ರಕಾಯ' ಎಂಬ ಬೆಳ್ಳಿಬಣ್ಣದ ಚೆಲುವನ ಕಡೆಗೆ ಎಂಬುದನ್ನು ಇಲ್ಲಿ ನಾಚಿಕೆಬಿಟ್ಟು ಒಪ್ಪಿಕೊಳ್ಳುತ್ತೇನೆ. ವಾರಗಟ್ಟಲೆ ಯೂಟ್ಯೂಬ್ ನೋಡಿ, ಅಶ್ವಶಕ್ತಿ, ತೂಕ, ಡೀಸೆಲ್ ಖರ್ಚುಗಳಿಗೆ ನಕ್ಷತ್ರ ಕೊಟ್ಟು ಒಂದು ಪಟ್ಟಿಯನ್ನೇ ಮಾಡಿದ್ದೆ. ಸಾಹೇಬರು ಪಟ್ಟಿಯನ್ನು ಗೌರವದಿಂದ ತಿರುವಿ ನೋಡಿ, "ಚಂದ ಉಂಟು ಮಾಷ್ಟ್ರೇ" ಎಂದು ಮಡಚಿ ನನ್ನ ಜೇಬಿಗೇ ಇಟ್ಟರು. ನಾನು ಮಾಷ್ಟ್ರನಲ್ಲ, ಆದರೆ ಕನ್ನಡಕ ಹಾಕಿದವರೆಲ್ಲ ಅವರಿಗೆ ಮಾಷ್ಟ್ರೇ. ಆಮೇಲೆ ಆ ಫಳಫಳ ಹೊಳೆಯುವ ನೆಲದ ಮೇಲೆ ಬೆನ್ನು ಹಾಸಿ ಮಲಗಿ ವಜ್ರಕಾಯನ ಹೊಟ್ಟೆಯ ಕೆಳಗೆ ಸರಿದರು. ಹತ್ತು ನಿಮಿಷ ಹೊರಗೆ ಕಂಡದ್ದು ಎರಡು ಚಪ್ಪಲಿ ಮಾತ್ರ. ಶೋರೂಮಿನ ಉಜ್ವಲ್ ಎಂಬ ಸಭ್ಯ ಯುವಕ ಆ ಚಪ್ಪಲಿಗಳಿಗೇ ಬಡ್ಡಿದರ ವಿವರಿಸುತ್ತಿದ್ದ.

ಹೊರಗೆ ಬಂದವರು ಕೋಟಿಗೆ ಬೆರಳು ಒರೆಸಿ, "ಕಬ್ಬಿಣ ಒಳ್ಳೆಯದೇ. ಮುಂಚಕ್ರದ ಸೀಲು ಒಂದು ಕೊಡಿ" ಎಂದರು.

"ಯಾವುದಕ್ಕೆ ಸರ್?"

"ಹತ್ತು ವರ್ಷದ ಹಿಂದಿನ ನಿಮ್ಮ ಮಾಡೆಲಿಗೆ."

ಉಜ್ವಲ್ ಕಂಪ್ಯೂಟರು ನೋಡಿದ, ಫೋನು ಮಾಡಿದ, ಮತ್ತೆ ಕಂಪ್ಯೂಟರು ನೋಡಿದ. ಹಳೆಯ ಮಾಡೆಲಿನ ಸಾಮಾನು ಆರ್ಡರು ಹಾಕಿದರೆ ಮೂರು ವಾರದಲ್ಲಿ ಬರುತ್ತದೆಂದ. ಸಾಹೇಬರು ಅವನಿಗೆ ಮನಃಪೂರ್ವಕ ಥ್ಯಾಂಕ್ಸ್ ಹೇಳಿದರು, ಅಕ್ಕ ಆಗಲೇ ಬಾಗಿಲ ಹತ್ತಿರ ಇದ್ದಳು.

ಅಲ್ಲಿಂದ ಕಾರ್ಕಳಕ್ಕೆ. ಪೇಟೆಯಲ್ಲಿ ಇಮೆಲ್ಡಾ ಬಾಯಿಯವರ ಬಿಡಿಭಾಗದ ಅಂಗಡಿ, ಮಾಳಿಗೆಗೆ ಹೋಗುವ ಮೆಟ್ಟಿಲಿನ ಕೆಳಗೆ ಹಿಡಿಸಿದಷ್ಟು ಜಾಗ. ಅದೇ ಪ್ರಶ್ನೆ ಕೇಳಿದರು, ಈ ಸಲ ಸುಮೇರು ಕಂಪೆನಿಯ ಹದಿನೈದು ವರ್ಷ ಹಳೆಯ ಮಾಡೆಲಿಗೆ. ಇಮೆಲ್ಡಾ ಬಾಯಿಯವರು ತಲೆ ಎತ್ತದೆ, "ಒಂದು ತುಟಿಯದ್ದಾ, ಎರಡು ತುಟಿಯದ್ದಾ? ಕೆಸರಿಗೆ ಎರಡು ತುಟಿಯದ್ದೇ ಒಳ್ಳೆಯದು" ಎಂದು, ಸ್ಟೂಲು ಹತ್ತಿ, ಮೇಲಿನ ಹಲಗೆಯಿಂದ ಪೇಪರಿನಲ್ಲಿ ಸುತ್ತಿದ ಸೀಲನ್ನು ತೆಗೆದು ಮುಂದಿಟ್ಟರು. ಸಾಹೇಬರು ಅದನ್ನು ಬೆಳಕಿಗೆ ಹಿಡಿದು ಸುತ್ತಲೂ ಬೆರಳಾಡಿಸಿದರು.

"ಇಂಥದ್ದು ವರ್ಷಕ್ಕೆ ಎಷ್ಟು ಹೋಗುತ್ತದೆ?"

"ಇಪ್ಪತ್ತು ಇಪ್ಪತ್ತೈದು. ಮಳೆ ಬಂದರೆ ಜಾಸ್ತಿ."

ಸಾಹೇಬರು ನಮ್ಮ ಕಡೆ ತಿರುಗಿದರು. ಆ ಮುಖದಲ್ಲಿ ಆ ಹೊತ್ತು ಎಪ್ಪತ್ತಮೂರು ವರ್ಷ ಇರಲಿಲ್ಲ. "ಕೇಳಿದಿರಾ ಅಕ್ಕ? ಸತ್ತವರಿಗೆ ಯಾರೂ ಔಷಧಿ ತೆಗೆಯುವುದಿಲ್ಲ. ಹದಿನೈದು ವರ್ಷದವು ಇನ್ನೂ ಗದ್ದೆಯಲ್ಲಿ ಉಂಟು. ಬಾರದ್ದು ಬಾಳಿಕೆಯಿಂದಲೇ." ಅಂಗಡಿಯೆಂಬುದನ್ನು ಮರೆತು ಗಟ್ಟಿಯಾಗಿ ನಕ್ಕರು. ತಮಗೆ ಬೇಡದ ಆ ಸೀಲನ್ನು ದುಡ್ಡು ಕೊಟ್ಟು ಕೊಂಡರು. ಬಾಳಿಕೆ, ಮೌಲ್ಯ ಎಂಬ ಮಾತುಗಳನ್ನು ನಾನು ಎಷ್ಟೋ ಕಡೆ ಓದಿದ್ದೆ. ಅವು ಮೆಟ್ಟಿಲಿನ ಕೆಳಗಿನ ಆ ಹಲಗೆಯ ಮೇಲೆ ಕುಳಿತಿರುತ್ತವೆಂದು ಅಂದೇ ಗೊತ್ತಾದದ್ದು.

ಸುಮೇರುವನ್ನೇ ಕೊಂಡೆವು. ಇಟ್ಟಿಗೆಯ ಬಣ್ಣ, ಮೊಂಡು ಮೂಗು, ನೋಡುವುದಕ್ಕೆ ಏನೇನೂ ಚಂದವಿಲ್ಲ. ಅಕ್ಕ ಹದಿನೈದೇ ದಿನದಲ್ಲಿ ಓಡಿಸಲು ಕಲಿತಳು. ಭಾವ ಚಾವಡಿಯಲ್ಲಿ ಕುಳಿತು ಅವಳ ಒಂದೊಂದು ತಪ್ಪಿಗೂ ನಿಟ್ಟುಸಿರು ಬಿಟ್ಟರು.

ಜೂನ್ ನಡುವಿನಲ್ಲಿ, ನೇಜಿಗೆ ಇಪ್ಪತ್ತೆರಡು ದಿನವಾದ ಬೆಳಿಗ್ಗೆ, ಸಾಹೇಬರು ಕಾಪುವಿನಿಂದ ಪಡುಬಿದ್ರಿಗೆ ಬಂದು, ಅಲ್ಲಿ ಬಸ್ಸು ಬದಲಿಸಿ, ಕೊಡೆ ಇದ್ದೂ ನೆನೆದು ಕುಕ್ಕುಂದೂರಿಗೆ ಮುಟ್ಟಿದರು. ಅಕ್ಕ ಮೇಲಿನ ಗಟ್ಟಿ ಗದ್ದೆಯಿಂದ ಶುರುಮಾಡುವವಳಿದ್ದಳು. ಅವರು ಬಿಡಲಿಲ್ಲ. "ಎಲ್ಲಕ್ಕಿಂತ ಕೆಟ್ಟದ್ದು ಯಾವುದು, ಅದಕ್ಕೆ ಇಳಿಸಿ. ಮುಳುಗುವುದಾದರೆ ನಾನು ಇಲ್ಲಿ ನಿಂತಿರುವಾಗಲೇ ಮುಳುಗಲಿ." ಕೆಟ್ಟದ್ದೆಂದರೆ ಬೈಲಿನ ಅಡಿಯ ತುಂಡು, ಮೂರು ವರ್ಷದ ಹಿಂದೆ ಬಾಡಿಗೆಯ ದೊಡ್ಡ ಟ್ರ್ಯಾಕ್ಟರು ಅಲ್ಲಿ ಹೊಟ್ಟೆಯವರೆಗೆ ಕುಸಿದು, ಎಳೆಯುವುದಕ್ಕೆ ಇನ್ನೆರಡು ಬರಬೇಕಾಗಿತ್ತು.

ಅಕ್ಕ ಸೀರೆಯ ಮೇಲೆ ಭಾವನ ಹಳೆಯ ಅಂಗಿ ತೊಟ್ಟು, ತಲೆಗೆ ಬೈರಾಸು ಸುತ್ತಿ ಕುಳಿತಳು. ಟ್ರ್ಯಾಕ್ಟರು ಅಂಚು ದಾಟಿ ಮೂಗು ತಗ್ಗಿಸಿ ಇಳಿಯಿತು. ನಡುಗದ್ದೆಗೆ ಬಂದಾಗ ಎಡದ ಮುಂಚಕ್ರ ಕುಸಿಯಿತು, ಎಂಜಿನಿನ ಸದ್ದು ದಪ್ಪವಾಯಿತು, ಹಿಂಚಕ್ರಗಳು ಅಲ್ಲಿಯೇ ಸುತ್ತಿ ಕೆಸರು ಚಿಮ್ಮಿಸಿದವು. ಭಾವ ಬೆನ್ನುನೋವು ಮರೆತು ಚಾವಡಿಯಿಂದ ಎದ್ದು ಬಂದಿದ್ದರು. ಅಕ್ಕ ಬಗ್ಗಿ ಸಣ್ಣ ಹಿಡಿಕೆಯೊಂದನ್ನು ಮುಂದೆ ತಳ್ಳಿದಳು, ನಾಲ್ಕೂ ಚಕ್ರಕ್ಕೆ ಬಲ ಬಂತು, ಮುಂಚಕ್ರ ತಾನೇ ನೆಲ ಹುಡುಕಿ ಹಿಡಿಯಿತು, ಆ ಮೊಂಡು ಮೂಗು ಕೆಸರಿನಿಂದ ಮೇಲೆದ್ದು ನಮ್ಮ ಕಡೆಗೇ ಬಂತು. ಹಿಂದೆ ಮಣ್ಣು ಪಾಯಸದ ಹಾಗೆ ನುಣ್ಣಗೆ ಮಗುಚುತ್ತಿತ್ತು, ಕೊಕ್ಕರೆಗಳು ಸಾಲಾಗಿ ಇಳಿದವು. ಅಕ್ಕನ ಗದ್ದೆ ಉಳಿದಿತ್ತು.

ಪಕ್ಕಕ್ಕೆ ನೋಡಿದರೆ ಸಾಹೇಬರು ಕೊಡೆ ಮಡಚಿ ಮಳೆಯಲ್ಲಿ ನಿಂತಿದ್ದಾರೆ. ಕಣ್ಣಲ್ಲಿ ನೀರು ಸುರಿಯುತ್ತಿದೆ, ಒರೆಸಿಕೊಳ್ಳುವುದೂ ಇಲ್ಲ. "ನಲವತ್ತು ವರ್ಷ ಮಾಷ್ಟ್ರೇ," ಎಂದರು. "ಕೊನೆಯ ದಿನವನ್ನೇ ನೋಡಿದ್ದು. ಮೊದಲ ದಿನ ಹೀಗಿರುತ್ತದೆಂದು ನನಗೆ ಯಾರೂ ಹೇಳಿರಲಿಲ್ಲ."

ಹದಿನಾಲ್ಕು ತುಂಡೂ ಎರಡು ದಿನದಲ್ಲಿ ಮುಗಿಯಿತು, ಇಪ್ಪತ್ತನಾಲ್ಕರ ನೇಜಿ ನೆಲ ಸೇರಿತು. ಸಂಜೆ ಚಹಾ ಕುಡಿಯುವಾಗ, ಇದು ಎಷ್ಟು ವರ್ಷ ಬಾಳೀತು ಸಾಹೇಬ್ರೇ ಎಂದು ಭಾವ ಕೇಳಿದರು. ಇಪ್ಪತ್ತೈದಕ್ಕೆ ಮೋಸವಿಲ್ಲ ಎಂದರು ಸಾಹೇಬರು, ಸ್ವಲ್ಪವೂ ಯೋಚಿಸದೆ.

ಇಂಥವರ ಒಂದು ಸಣ್ಣ ಕುಲ ಈ ಲೋಕದಲ್ಲಿ ಉಂಟು. ವಸ್ತುಗಳ ಅಂತ್ಯವೇ ಅವರ ಅನ್ನ, ಆದರೂ ಯಾವುದರ ಅಂತ್ಯವನ್ನೂ ಅವರು ಬಯಸಲಾರರು. ಒಮ್ಮೆ ತಪ್ಪಿದ ಮಾತನ್ನು ಮೈಯೊಳಗಿನ ಮುಳ್ಳಿನಂತೆ ವರ್ಷಗಟ್ಟಲೆ ಹೊತ್ತು ತಿರುಗುತ್ತಾರೆ, ಮುಂದಿನ ಮಾತನ್ನು ಆ ನೋವಿನಿಂದಲೇ ತೂಗಿ ಕೊಡುತ್ತಾರೆ. ಶ್ರೇಷ್ಠ, ಅಜರಾಮರ, ಅದ್ವಿತೀಯ ಎಂಬ ಶಬ್ದಗಳು ಅವರ ಬಾಯಲ್ಲಿ ಬರುವುದಿಲ್ಲ. ಬೆನ್ನು ಹಾಸಿ ಮಲಗಿ ಯಂತ್ರದ ಹೊಟ್ಟೆ ನೋಡಿ ಬಂದು ಒಂದು ಸಂಖ್ಯೆ ಹೇಳುತ್ತಾರೆ, ಅಷ್ಟೇ. ಅಂದು ಆ ಚಾವಡಿಯಲ್ಲಿ ನಾನು ಸುಮ್ಮನೆ ಕೂಡಿಸಿ ನೋಡಿದೆ. ಆ ಇಪ್ಪತ್ತೈದು ವರ್ಷ ತುಂಬುವ ಮಳೆಗಾಲಕ್ಕೆ ಸಾಹೇಬರಿಗೆ ತೊಂಬತ್ತೆಂಟು. ತಾವು ಇರದ ಆ ಜೂನ್ ತಿಂಗಳಿನಲ್ಲೂ ಅಕ್ಕನ ಗದ್ದೆಯ ಉಳುಮೆ ಒಂದು ದಿನ ತಡವಾಗಬಾರದೆಂದು ಅವರು ಈಗಲೇ ಗಟ್ಟಿಮಾಡಿಕೊಂಡಿದ್ದರು.