ಬಹುವಚನ

“ಚೀಲ ಬೇಕಾ ನಿಮಗೆ?”

ಇಲ್ಪೊ ಹಿಂದಕ್ಕೆ ತಿರುಗಿ ನೋಡಿದ. ಅಂಗಡಿಯಲ್ಲಿ ಬೇರೆ ಯಾರೂ ಇರಲಿಲ್ಲ.

“ನನ್ನನ್ನಾ ಕೇಳಿದ್ದು?”

“ಮತ್ಯಾರನ್ನ?” ಇರ್ಮೆಲಿ ರೈ ರೊಟ್ಟಿಯನ್ನು ಅವನತ್ತ ತಳ್ಳಿದಳು. “ಅಧ್ಯಕ್ಷರು ನೀವೇ ತಾನೆ.”

ಎರಡನೇ ತರಗತಿಯಲ್ಲಿ ಅವನ ಕಿವಿ ಕಚ್ಚಿದ್ದವಳು ಅವಳು. ಕುರ್ಕಿಸಾಲ್ಮಿಯಲ್ಲಿ ಪಾದ್ರಿಗೂ ನೀನು, ಕುಡುಕನಿಗೂ ನೀನು. ನೀವು ಅನ್ನುವುದು ಹೊಸಿಲಿನ ಆಚೆಯೇ ನಿಲ್ಲಿಸಿ ಮಾತಾಡಬೇಕಾದವರಿಗೆ.

ರೊಟ್ಟಿಯನ್ನು ಕಂಕುಳಲ್ಲಿ ಇರುಕಿಕೊಂಡು ಹೊರಬಂದ. ಚೀಲ ಬೇಕಿತ್ತು.

ಸೋಮವಾರ ಪಂಚಾಯಿತಿಯಲ್ಲಿ ಮತ ಸರಿಸಮವಾಗಿ ನಿಂತಿತ್ತು. ಊರನ್ನು ಪಕ್ಕದ ಪಟ್ಟಣಕ್ಕೆ ಸೇರಿಸುವುದೋ ಬೇಡವೋ ಅಂತ. ಅಧ್ಯಕ್ಷನೇ ತೀರ್ಮಾನ ಹೇಳಬೇಕಾಯಿತು. ಇಲ್ಪೊ ಸೇರಿಸಿ ಅಂದ. ಊರಲ್ಲಿ ಮಕ್ಕಳೇ ಉಳಿದಿರಲಿಲ್ಲ; ಶಾಲೆಯಲ್ಲಿ ಅವನು ಇತಿಹಾಸ ಕಲಿಸುತ್ತಿದ್ದದ್ದು ಹೆಚ್ಚುಕಡಿಮೆ ಖಾಲಿ ಬೆಂಚುಗಳಿಗೆ. ಹೊಸ ವರ್ಷದಿಂದ ಕುರ್ಕಿಸಾಲ್ಮಿ ಎಂಬ ಹೆಸರು ಬಸ್ಸಿನ ನಿಲ್ದಾಣಕ್ಕೆ ಮಾತ್ರ. ಅವನ ಮಾತು ಸರಿ ಎಂದು ಎಲ್ಲರಿಗೂ ಗೊತ್ತಿತ್ತು. ಅದನ್ನೇ ಯಾರೂ ಕ್ಷಮಿಸಿರಲಿಲ್ಲ.

ಸಂಜೆ ಸರೋವರದ ದಡದ ಸೌನಾಕ್ಕೆ, ಊರವರೆಲ್ಲ ಹಬೆಸ್ನಾನ ಮಾಡುವ ಮನೆಗೆ, ಹೊರಟಾಗ ಹೆಂಡತಿ, “ಇವತ್ತು ಬೇಡ,” ಅಂದಳು.

“ಶನಿವಾರ ಅಲ್ವಾ, ಸೌನಾ ದಿನ.”

ಬೆತ್ತಲೆ ಕೂತವನಿಗೆ ಯಾರು ಬಹುವಚನ ಹಾಕುತ್ತಾರೆ? ದಾರಿಯುದ್ದಕ್ಕೂ ಅದನ್ನೇ ಲೆಕ್ಕ ಹಾಕಿದ. ಅವನಿಗೆ ಬೇಕಿದ್ದದ್ದು ಒಂದೇ ಒಂದು ನೀನು. ಜೊತೆಗೆ ಎಂಥ ಕೆಟ್ಟ ಬೈಗುಳ ಬಂದರೂ ಸರಿ.

ಒಳಗೆ ಮೇಲಿನ ಹಲಗೆಯಲ್ಲಿ ಇಬ್ಬರು ಕೂತಿದ್ದರು. ಹಿಮ ತೆಗೆಯುವ ಗಾಡಿಯ ತೌನೊ. ಹೆಂಡತಿಯ ಅಣ್ಣ ಔಲಿಸ್.

“ದಯಮಾಡಿಸಿ,” ತೌನೊ ಜರುಗಿದ. ಬೇಕಾದ್ದಕ್ಕಿಂತ ಹೆಚ್ಚೇ ಜರುಗಿದ.

“ಸಾಕು ಮಾಡೋ ಆಟ.”

“ಆಟ ಯಾರಾಡ್ತಿದಾರೆ? ನಾವೀಗ ಪಟ್ಟಣದವರು. ಅಲ್ಲಿ ಹಿಂಗೇ ಮಾತಾಡ್ತಾರಂತೆ.”

ಔಲಿಸ್ ಒಲೆಯ ಕಲ್ಲುಗಳ ಮೇಲೆ ಸೌಟಿನಲ್ಲಿ ನೀರು ಹೊಯ್ದ. ಬುಸ್ ಎಂದು ಹಬೆ ಎದ್ದು ಇಲ್ಪೊನ ಕಿವಿ ಸುಟ್ಟಿತು. ಇನ್ನೊಂದು ಸೌಟು.

“ಬಿಸಿ ಜಾಸ್ತಿ ಆಯ್ತಾ ನಿಮಗೆ?”

“ಭಾವ, ಬೈದುಬಿಡು ಒಂದ್ಸಲ.”

“ನಿಮ್ಮನ್ನ ಬೈಯಕ್ಕೆ ನಾನ್ಯಾರು?” ಔಲಿಸ್ ಸೌನಾದ ವಾಡಿಕೆಯಂತೆ ಬರ್ಚ್ ಸೊಪ್ಪಿನ ಕಟ್ಟಿನಿಂದ ಬೆನ್ನಿಗೆ ಬಡಿದುಕೊಂಡ. “ನನ್ನ ತಂಗಿ ಚೆನ್ನಾಗಿದಾಳಾ, ನಿಮ್ಮನೇಲಿ?”

ತೌನೊ ನಗು ತಡೆಯಲಾಗದೆ ಎದ್ದು ಹೊರಗೋಡಿದ. ನೀರಿಗೆ ಬಿದ್ದ ಸದ್ದು ಕೇಳಿಸಿತು.

ಇಲ್ಪೊ ಇಳಿಯಲಿಲ್ಲ. ಮೊದಲು ಇಳಿದವನು ಸೋತಂತೆ ಎಂದು ಅವನಿಗೆ ಅನಿಸಿತ್ತು. ಔಲಿಸನಿಗೆ ಸೋಲುಗೆಲುವಿನ ಯೋಚನೆಯೇ ಇದ್ದಂತಿರಲಿಲ್ಲ. ಅವನು ನಿಧಾನವಾಗಿ ಎದ್ದ, ಸೊಪ್ಪಿನ ಕಟ್ಟನ್ನು ಮೊಳೆಗೆ ಸಿಕ್ಕಿಸಿದ, ಬಕೆಟ್ಟಿನ ತಳದ ನೀರನ್ನು ಸೌಟಿಗೆ ಬಳಿದುಕೊಂಡ.

ಎಲ್ಲರೂ ಮಿಂದಾದ ಮೇಲೆ, ಕೊನೆಯವನು ಹೊರಡುತ್ತಾ ಹೊಯ್ಯುವ ನೀರು ಅದು. ಸೌನಾ ಕಾಯುವ, ಕಣ್ಣಿಗೆ ಕಾಣದ ಅಜ್ಜನ ಪಾಲು. ಅದಾದ ಮೇಲೆ ಒಳಗೆ ಮನುಷ್ಯರು ಇರುವುದಿಲ್ಲ.

“ಔಲಿಸ್, ನಾನಿನ್ನೂ ಇದೀನಿ.”

ಔಲಿಸ್ ಖಾಲಿ ಮೂಲೆಯೊಂದನ್ನು ನೋಡಿ ಪ್ರೀತಿಯಿಂದ ಅಂದ: “ತಗೋ ಅಜ್ಜ, ನಿನ್ನ ಪಾಲು.”

ಆ ದಿನ ಊರವರ ಬಾಯಿಂದ ಬಂದ ಮೊದಲ ಏಕವಚನ. ನೀರು ಹೊಯ್ದು, ಬಾಗಿಲನ್ನು ಮೆತ್ತಗೆ ಎಳೆದುಕೊಂಡು ಹೋದ.

ಹಬೆ ಇಲ್ಪೊನ ಸುತ್ತ ಮುಚ್ಚಿಕೊಂಡಿತು. ಉಸಿರೆಳೆದುಕೊಳ್ಳಲು ಸಂಕೋಚವಾಯಿತು, ಬೇರೆಯವರ ತಟ್ಟೆಗೆ ಕೈಹಾಕಿದ ಹಾಗೆ. ಹೊರಗೆ ಯಾರೋ ಯಾರನ್ನೋ ‘ಲೋ ಕತ್ತೆ’ ಎಂದು ಕೂಗಿದರು.

ಹಬೆ ತಿಳಿಯಾದಾಗ ಪಕ್ಕದಲ್ಲಿ ಹಲಗೆಯ ಮೇಲೆ ಅವರಿಬ್ಬರೂ ಕೂತಿದ್ದ ಒದ್ದೆ ಗುರುತುಗಳು ಕಂಡವು. ತೌನೊನದು ಅಂಚಿನಿಂದ ಒಣಗುತ್ತಾ ಬಂದು ಬೊಟ್ಟಿನಷ್ಟಾಗಿ ಮಾಯವಾಯಿತು. ಔಲಿಸನದೂ ಹೋಯಿತು. ತನ್ನ ಕೆಳಗೆ ಗುರುತು ಇದೆಯೇ ಎಂದು ನೋಡಬೇಕಾದರೆ ಇಲ್ಪೊ ಎದ್ದು ನಿಲ್ಲಬೇಕಿತ್ತು.

ಅವನು ಏಳಲಿಲ್ಲ.