ಗಾಜಿನ ಮೇಲಿನ ಚುಕ್ಕೆ

ಯುವ ಖಗೋಳವಿಜ್ಞಾನಿ ಯಾವರ್ ಬೆಳಿಗ್ಗೆಯಿಂದ ಉಗುರು ಕಚ್ಚುತ್ತಲೇ ಇದ್ದ. ನಾನು ತಂದಿಟ್ಟ ಚೀಸಿನ ತಿಂಡಿ ಬಾನಿತ್ಸಾ ಮುಟ್ಟದೆ ತಣ್ಣಗಾಗಿತ್ತು.

ನೆಪ್ಚೂನಿನಾಚೆ, ಸೂರ್ಯನಿಂದ ನಾವಿರುವ ದೂರದ ತೊಂಬತ್ತು ಪಟ್ಟು ದೂರದಲ್ಲಿ, ಅವನು ನಾಲ್ಕು ವರ್ಷದ ಹಿಂದೆ ಒಂದು ಹಿಮದ ಮುದ್ದೆಯನ್ನು ಕಂಡಿದ್ದ. ಕಂಡದ್ದು ಮೂರೇ ರಾತ್ರಿ. ಆಮೇಲೆ ಮೋಡ, ಆಮೇಲೆ ದೂರದರ್ಶಕದ ರಿಪೇರಿ. ಸೂರ್ಯನನ್ನು ಸುತ್ತಲು ಎಂಟುನೂರು ಚಿಲ್ಲರೆ ವರ್ಷ ಹಿಡಿಯುವ ಕಾಯದ ಕಕ್ಷೆಯನ್ನು ಮೂರು ರಾತ್ರಿಯ ಅಳತೆಯಿಂದ ಹೇಳಲಾದೀತೇ? ಚಿಲಿಯ ದೊಡ್ಡ ದೂರದರ್ಶಕದವರು ಅವನಿಗೆ ಒಂದೇ ಗಂಟೆ ಕೊಟ್ಟಿದ್ದರು. ಎಲ್ಲಿ ನೋಡಬೇಕೆಂದು ಇವತ್ತು ಸಂಜೆ ಐದರೊಳಗೆ ತಿಳಿಸಬೇಕು. ಜಾಗ ತಪ್ಪಿದರೆ ಅದು ಕಳೆದುಹೋದ ಹಾಗೆಯೇ.

ಹಳೆಯ ಚಿತ್ರದಲ್ಲೆಲ್ಲಾದರೂ ಅದು ಸಿಕ್ಕರೆ ಲೆಕ್ಕ ಗಟ್ಟಿಯಾಗುತ್ತದೆ. ಅದಕ್ಕೇ ನನ್ನ ಕಪಾಟುಗಳ ಮುಂದೆ ಕೂತಿದ್ದ. ಈ ಬಾಲ್ಕನ್ ಬೆಟ್ಟದ ವೀಕ್ಷಣಾಲಯದ ಗಾಜಿನ ಫೋಟೋ ಪ್ಲೇಟುಗಳನ್ನು ನಲವತ್ತು ವರ್ಷದಿಂದ ಕಾಯುತ್ತಿರುವವಳು ನಾನು.

"ವೆಸ್ಕಾ ಚಿಕ್ಕಮ್ಮ, ಸಿಕ್ತು!" ಯಾವರ್ ಕೂಗಿದ. "ಎಂಬತ್ನಾಲ್ಕರ ಪ್ಲೇಟು. ನಾನು ಹೇಳಿದ್ ಜಾಗದಲ್ಲೇ ಇದೆ, ನೋಡಿ!"

ಭೂತಗನ್ನಡಿಯಲ್ಲಿ ನೋಡಿದೆ. ಚುಕ್ಕೆ ಇತ್ತು. ಪ್ಲೇಟಿನಲ್ಲಿ ನಕ್ಷತ್ರಗಳೂ ಕಪ್ಪಗೇ ಬೀಳುತ್ತವೆ, ಆದರೆ ಇದು ತೀರಾ ಕಪ್ಪು, ತೀರಾ ದುಂಡಗೆ.

"ಇದು ಗಾಜಿನ ಮೇಲಿದೆ ಕಣೋ, ಚಿತ್ರದೊಳಗಲ್ಲ. ಒರೆಸಿ ನೋಡು."

"ಬೇಡ ಚಿಕ್ಕಮ್ಮ, ನಾಲ್ಕೂವರೆ ಆಯ್ತು. ಹೋಗ್ಬಿಟ್ರೆ ನನ್ ಗತಿ?"

"ಹೋಗೋದಾದ್ರೆ ಅದು ನಿಂದಲ್ಲ, ಮಾರಾಯ. ಇತ್ತ ಕೊಡು."

ಹತ್ತಿಗೆ ಸ್ಪಿರಿಟ್ ಹಚ್ಚಿ ಒರೆಸಿದೆ. ಚುಕ್ಕೆ ಹೋಯಿತು. ಹತ್ತಿ ನೇರಳೆಯಾಯಿತು.

"ಶಾಯಿ," ಎಂದು ಯಾವರ್ ತಲೆ ಹಿಡಿದುಕೊಂಡು ಕೂತುಬಿಟ್ಟ.

ಆ ನೇರಳೆ ಶಾಯಿ ನನ್ನದು. ಇಪ್ಪತ್ತೆರಡರ ಹುಡುಗಿಯಾಗಿದ್ದಾಗ ಈ ಪ್ಲೇಟಿನಲ್ಲಿ, ಮರುದಿನದ ಪ್ಲೇಟಿನಲ್ಲಿ ಅದೇ ಜಾಗದಲ್ಲಿಲ್ಲದ ಒಂದು ನಕ್ಷತ್ರ ಕಂಡು ಪ್ರೊಫೆಸರರ ಬಳಿ ಓಡಿದ್ದೆ. "ಧೂಳು ಕಣಮ್ಮ. ನಿನ್ ಕೆಲಸ ಪ್ಲೇಟ್ ಜೋಡಿಸೋದು, ಜೋಡಿಸು," ಎಂದಿದ್ದರು. ಎಲ್ಲರೂ ನಕ್ಕಿದ್ದರು. ಹಟಕ್ಕೆ ಅದರ ನೆತ್ತಿಯ ಮೇಲೆ ಒಂದು ಚುಕ್ಕೆ ಇಟ್ಟು, ಪ್ಲೇಟನ್ನು ಕಪಾಟಿಗೆ ಸೇರಿಸಿ, ಮರೆತುಬಿಟ್ಟಿದ್ದೆ.

ಮತ್ತೆ ಭೂತಗನ್ನಡಿಗೆ ಕಣ್ಣಿಟ್ಟೆ. ಶಾಯಿ ಇದ್ದಲ್ಲೇ, ಗಾಜಿನ ಕೆಳಗೆ ಚಿತ್ರ ಮೂಡುವ ಲೇಪದೊಳಗೆ, ಸಾಸಿವೆಗಿಂತ ಸಣ್ಣದೊಂದು ಬೂದು ಕಲೆ ಉಳಿದಿತ್ತು. ಇನ್ನೊಮ್ಮೆ ಒರೆಸಿದೆ. ಹೋಗಲಿಲ್ಲ.

"ಏಳೋ ಯಾವರ್, ಅಳತೆ ತಗೋ," ಎಂದೆ. "ಅದು ಧೂಳಲ್ಲ ಕಣೋ. ಅವತ್ತೂ ಧೂಳಾಗಿರ್ಲಿಲ್ಲ."